ಬುಡ ಬಿಳಿ, ತುದಿ ಕರಿ

2020ರ ಜೂನ್ ತಿಂಗಳ ಮೂರನೆಯ ವಾರ. ಡೊಂಬಿವಿಲಿಯಲ್ಲಿ ಮಳೆ ಹಿಡಿದಿತ್ತು. ಮುಂಬಯಿಯ ಲೋಕಲ್ ರೈಲುಗಳು ಅಗತ್ಯ ಸೇವೆಯವರಿಗೆ ಮಾತ್ರ. ನಮ್ಮಂಥ ನಿವೃತ್ತರಿಗೆ ಬಾಲ್ಕನಿಯೇ ಪ್ರಪಂಚ. ಒಂದು ಬೆಳಿಗ್ಗೆ ಮಗಳು ಬಂದು, "ಅಪ್ಪಾ, ಈ ಭಾನುವಾರ ನಾನು ಒಂಬ್ರೆ ಮಾಡ್ತೇನೆ" ಎಂದಳು. ನನ್ನ ಕಿವಿಗೆ ಬಿದ್ದದ್ದು 'ಅಂಬರನಾಥ'. ನಮ್ಮಿಂದ ಮುಂದೆ ಅದೇ ಲೈನಿನಲ್ಲಿರುವ ಸ್ಟೇಷನ್ ಅದು. "ಈಗ ಹೇಗೆ ಹೋಗ್ತಿ ಮಾರಾಯ್ತಿ, ಟ್ರೈನ್ ಎಲ್ಲಿದೆ?" ಎಂದು ಕೇಳಿದೆ. ಅಡುಗೆ ಮನೆಯಲ್ಲಿದ್ದ ನನ್ನ ಹೆಂಡತಿ ನಕ್ಕದ್ದು ಹಾಲಿಗೂ ಕೇಳಿಸಿತು.

ಒಂಬ್ರೆ ಎಂದರೆ ಊರಲ್ಲ, ಕೂದಲಿಗೆ ಬಣ್ಣ ಹಚ್ಚುವ ಒಂದು ಬಗೆ. ಬುಡದಲ್ಲಿ ನಮ್ಮ ಹುಟ್ಟುಬಣ್ಣ ಹಾಗೇ ಇರಬೇಕು. ಕೆಳಕ್ಕೆ ಬರುತ್ತಾ ಬರುತ್ತಾ ಬಣ್ಣ ತಿಳಿಯಾಗಿ ತುದಿಯಲ್ಲಿ ಬೇರೆಯೇ ಆಗಬೇಕು. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಸುರುವಾಯಿತು ಎಂದು ತಿಳಿಯಬಾರದು. ತುದಿಯನ್ನು ಮಾತ್ರ ಗೆರೆ ಎಳೆದ ಹಾಗೆ ಬಣ್ಣದಲ್ಲಿ ಅದ್ದಿ ತೆಗೆದರೆ ಅದು 'ಡಿಪ್ ಡೈ'. ಇಷ್ಟನ್ನು ಮಗಳು ಮೊಬೈಲಿನಲ್ಲಿ ಚಿತ್ರ ತೋರಿಸಿ ವಿವರಿಸಿದಳು. ನೆರಳು ಬಿದ್ದದ್ದು ಎಂಬರ್ಥದ ಫ್ರೆಂಚ್ ಮಾತಂತೆ ಅದು. ಕೂದಲಿಗೆ ಬರುವ ಮೊದಲು ಬಟ್ಟೆಯ ಲೋಕದಲ್ಲಿದ್ದ ಮಾತು.

ಬಟ್ಟೆ ಎಂದ ಕೂಡಲೇ ನನಗೆ ಗುಳೇದಗುಡ್ಡ ನೆನಪಾಯಿತು. ನಾನು ಕುಂದಾಪುರದ ಕಡೆಯವನು. ಬಿ.ಕಾಂ. ಊರಲ್ಲಿ, ಎಂ.ಕಾಂ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣದಲ್ಲಿ. 1982ರಲ್ಲಿ ಬ್ಯಾಂಕಿಗೆ ಸೇರಿ ಮುಂಬಯಿಗೆ ಬಂದವನನ್ನು ನಡುವೆ ಮೂರು ವರ್ಷ ಆ ಊರಿನ ಶಾಖೆಗೆ ಹಾಕಿದ್ದರು. ಖಣ ನೇಯುವವರಿಗೆ ಸಾಲ ಕೊಡುವುದು, ಅದನ್ನು ವಸೂಲಿ ಮಾಡುವುದು ನನ್ನ ಕೆಲಸ. ತಪಾಸಣೆಗೆ ಹೋದಾಗ ಬಣ್ಣದ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕೋಲಿಗೆ ನೂಲಿನ ಲಡಿ ತೂಗುಹಾಕಿ, ಕುದಿಯುವ ಬಣ್ಣದ ನೀರಿಗೆ ಇಳಿಸಿ, ತಿರುಗಿಸಿ, ಮತ್ತೆ ಇಳಿಸುತ್ತಿದ್ದರು. ತಿರುಗಿಸದೆ ಬಿಟ್ಟರೆ ಮುಳುಗಿದ ಭಾಗ ಗಾಢ, ನೀರಿನ ಮೇಲಿನ ಭಾಗ ಬೆಳ್ಳಗೆ, ನಡುವೆ ಬಣ್ಣ ಮೇಲಕ್ಕೆ ಏರಿದಷ್ಟು ಮಸುಕು. ಅಂಥ ಲಡಿಯನ್ನು ಅವರು ಕೆಟ್ಟದ್ದೆಂದು ಪಕ್ಕಕ್ಕೆ ಎಸೆಯುತ್ತಿದ್ದರು. ಮೂವತ್ತು ವರ್ಷ ಕಳೆದ ಮೇಲೆ ನನ್ನ ಮಗಳು ಬೇಕೆಂದೇ ಅದನ್ನು ತನ್ನ ತಲೆಯ ಮೇಲೆ ಮಾಡಿಕೊಳ್ಳಹೊರಟಿದ್ದಳು.

ನಿವೃತ್ತನಿಗೆ ಹೊತ್ತು ಹೋಗಬೇಕಲ್ಲ. ಕೂದಲಿಗೆ ಬಣ್ಣ ಹಚ್ಚುವ ಈ ಚಾಳಿ ಎಲ್ಲಿಂದ ಬಂತು ಎಂದು ನೋಡಲು ಹೊರಟೆ. ಹೊರಟವನು ತಿರುಗಿ ನನ್ನ ಮನೆಗೇ ಬಂದು ಮುಟ್ಟಿದೆ. ಊರಿನಲ್ಲಿರುವ ನಿಮಗೆ ಆ ಕಥೆ ಹೇಳಬೇಕು.

ನಮ್ಮಲ್ಲಿ ಈ ವಿದ್ಯೆ ಬಹಳ ಹಳೆಯದು. ಆರನೆಯ ಶತಮಾನದ ವರಾಹಮಿಹಿರ ಜ್ಯೋತಿಷಿ ಎಂದೇ ಪ್ರಸಿದ್ಧ. ಆತನ 'ಬೃಹತ್ಸಂಹಿತೆ'ಯಲ್ಲಿ ಸುಗಂಧದ್ರವ್ಯಗಳ ಅಧ್ಯಾಯವೊಂದಿದೆ. ಅದು ಶುರುವಾಗುವುದೇ ತಲೆಗೂದಲ ಬಣ್ಣದಿಂದ. ಹಾರಕದ ಅಕ್ಕಿಯನ್ನು ಹುಳಿನೀರಿನಲ್ಲಿ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿ, ಕಬ್ಬಿಣದ ಪುಡಿ ಸೇರಿಸಿ ಅರೆದು, ಹುಳಿಯಿಂದ ತೊಳೆದ ಕೂದಲಿಗೆ ಹಚ್ಚಿ, ಹಸಿರೆಲೆಯಿಂದ ಸುತ್ತಿ ಕೂರಬೇಕು. ಆಮೇಲೆ ನೆಲ್ಲಿಕಾಯಿಯ ಲೇಪ, ಮತ್ತೆ ಎಲೆ. ಕೊನೆಗೆ ತೊಳೆದಾಗ ಕೂದಲು ಕಪ್ಪು. ಬಳಿಕ ಕಬ್ಬಿಣದ ವಾಸನೆ ಹೋಗಲು ಸುಗಂಧ ತೈಲ. ಇವತ್ತಿನ ಡಬ್ಬಿಯೊಳಗಿನ ಚೀಟಿಯಲ್ಲಿ ಹಂತಹಂತವಾಗಿ ಬರೆಯುತ್ತಾರಲ್ಲ, ಥೇಟ್ ಹಾಗೆ. ಇದೆಲ್ಲ ಯಾಕೆ ಎಂಬುದಕ್ಕೂ ಆತ ಕಾರಣ ಕೊಡುತ್ತಾನೆ. ತಲೆ ನರೆತವನಿಗೆ ಹೂಮಾಲೆ, ಗಂಧ, ಒಳ್ಳೆಯ ಬಟ್ಟೆ, ಒಡವೆ ಯಾವುದೂ ಶೋಭಿಸುವುದಿಲ್ಲವಂತೆ. ಈ ಮಾತನ್ನು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಬ್ಬಿಣ ಮತ್ತು ನೆಲ್ಲಿಕಾಯಿ ಯಾಕೆ? ನೆಲ್ಲಿ, ಅಣಲೆ ಇವುಗಳಲ್ಲಿರುವ ಒಗರು ಕಬ್ಬಿಣದ ಜತೆ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಬರೆಯುವ ಶಾಯಿಯನ್ನೂ ಇದೇ ಲೆಕ್ಕದಲ್ಲಿ ಮಾಡುತ್ತಿದ್ದರು. ನಮ್ಮ ಅಜ್ಜಿಗೆ ವರಾಹಮಿಹಿರ ಗೊತ್ತಿರಲಿಲ್ಲ, ಆದರೆ ಕಬ್ಬಿಣದ ಬಾಣಲೆ ಗೊತ್ತಿತ್ತು. ಗರುಗದ ಸೊಪ್ಪಿನ ರಸ, ನೆಲ್ಲಿಕಾಯಿ, ಕರಿಬೇವು ಹಾಕಿ ತೆಂಗಿನೆಣ್ಣೆಯಲ್ಲಿ ನೀರಿನಂಶ ಆರುವವರೆಗೆ ಕಾಯಿಸುತ್ತಿದ್ದರು. ಆ ಎಣ್ಣೆ ನಮ್ಮ ಅಕ್ಕಂದಿರಿಗೆ, ಅತ್ತೆಯ ಮಕ್ಕಳಿಗೆ. ಶನಿವಾರ ಎಣ್ಣೆ ತಿಕ್ಕಿ, ದಾಸವಾಳ ಸೊಪ್ಪಿನ ಗೊಂಪು ಹಾಕಿ ತಲೆ ಮೀಯಿಸಿ, ಅಂಗಳದ ಬಿಸಿಲಲ್ಲಿ ಕೂರಿಸಿ ಸಿಕ್ಕು ಬಿಡಿಸುತ್ತಿದ್ದರು. ನಾನು ಬಾಣಲೆಗೆ ಬೆರಳು ಅದ್ದಲು ಹೋದರೆ, "ಮಾಣಿ, ನಿಂಗೆಂತಕಾ ಅದು?" ಎಂದು ಗದರುತ್ತಿದ್ದರು.

ಅಜ್ಜಿಯ ತಲೆಯಲ್ಲಿ ಮಾತ್ರ ಒಂದು ಎಳೆ ಕೂದಲಿರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡ ತೀರಿಹೋದದ್ದು. ಅಂದಿನಿಂದ ಕೆಂಪು ಸೀರೆ, ಬೋಳಿಸಿದ ತಲೆ, ಅದರ ಮೇಲೆ ಸೆರಗು. ಹದಿನೈದು ದಿನಕ್ಕೊಮ್ಮೆ ಹಿತ್ತಿಲ ಬಾಗಿಲಿಗೆ ಕ್ಷೌರಿಕ ಬರುತ್ತಿದ್ದ. ಮಕ್ಕಳಾದ ನಮ್ಮನ್ನು ಆ ಹೊತ್ತಿಗೆ ತೋಟಕ್ಕೆ ಕಳಿಸುತ್ತಿದ್ದರು. ಎಲ್ಲರ ಕೂದಲು ಕಪ್ಪಗಿರಲೆಂದು ಎಣ್ಣೆ ಕಾಯಿಸುವ ಅಜ್ಜಿಗೆ ತನ್ನ ಕೂದಲು ನರೆಯಿತೋ ಇಲ್ಲವೋ ನೋಡುವ ಅವಕಾಶವೇ ಬರಲಿಲ್ಲ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದವರಿಗೆ ನಾನು ಹೇಳುತ್ತಿರುವುದು ಏನೆಂದು ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಅದೊಂದು ಕಾದಂಬರಿಯಲ್ಲ, ಒಳಗಿನ ಕೋಣೆಯಲ್ಲಿ ಜಪ ಮಾಡುತ್ತಾ ಕೂತ ಹೆಂಗಸು.

ಮುಂಬಯಿಗೆ ಬಂದ ಮೇಲೆ ಈ ಊರಿನ ಚರಿತ್ರೆ ಓದುತ್ತಿರುವಾಗ ನನಗೊಂದು ಸಂಗತಿ ಸಿಕ್ಕಿತು. 1890ರಲ್ಲಿ ಇಲ್ಲಿನ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ನಿರ್ಧರಿಸಿದರು. ಗಿರಣಿ ಕೆಲಸಗಾರರ ಸಂಘ ಕಟ್ಟಿದ ನಾರಾಯಣ ಮೇಘಾಜಿ ಲೋಖಂಡೆ ಅದರ ಹಿಂದಿದ್ದರು. ಸುಧಾರಕರು ಭಾಷಣ ಮಾಡುತ್ತಿದ್ದ ಕಾಲದಲ್ಲಿ ಕತ್ತಿ ಹಿಡಿಯುವವರೇ ಕತ್ತಿ ಕೆಳಗಿಟ್ಟರು. ಆ ಸುದ್ದಿ ನಮ್ಮ ಹೊಳೆ ದಾಟಿ ಹಿತ್ತಿಲ ಬಾಗಿಲಿಗೆ ಬರಲಿಲ್ಲ. ಅಜ್ಜಿ ಹುಟ್ಟಿದ್ದೇ ಅದಾಗಿ ಹದಿನೈದು ವರ್ಷಕ್ಕೆ.

ಇರಲಿ, ಬಣ್ಣಕ್ಕೆ ಬರೋಣ. ಹಳೆಯ ಕಾಲದ ಇನ್ನೊಂದು ಬಣ್ಣ ಮದರಂಗಿ. ನಮ್ಮಲ್ಲಿ ಅದು ಕೈಗೆ, ಉತ್ತರದಲ್ಲಿ ಕೈಗೂ ತಲೆಗೂ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಇದಕ್ಕೆ ಹೆಸರಾದ ಊರು. 2021ರಲ್ಲಿ ಸೋಜತ್ ಮೆಹಂದಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಆದರೆ ಒಂದು ಮಾತು. ಅಪ್ಪಟ ಮದರಂಗಿ ಕೊಡುವುದು ಕೆಂಪು ಅಥವಾ ಕಿತ್ತಳೆ. ಕಪ್ಪು ಅದರಿಂದ ಬರುವುದೇ ಇಲ್ಲ. ಕಪ್ಪು ಬೇಕಾದರೆ ಅದರ ಮೇಲೆ ನೀಲಿಸೊಪ್ಪು ಹಚ್ಚಬೇಕು. 'ಕಪ್ಪು ಮೆಹಂದಿ' ಎಂದು ಪೊಟ್ಟಣದಲ್ಲಿ ಮಾರುವುದರಲ್ಲಿ ಹೆಚ್ಚಾಗಿ ಇರುವುದು ಬೇರೆಯೇ. ಅದು ಎಲ್ಲಿಂದ ಬಂತು ಎಂಬುದೇ ಕಥೆಯ ಎರಡನೆಯ ಭಾಗ.

1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರ್ಷದ ಹುಡುಗ ರಜೆಯಲ್ಲಿ ಮನೆಯಲ್ಲೇ ಪ್ರಯೋಗ ಮಾಡುತ್ತಿದ್ದ. ಬೇಕಾಗಿದ್ದದ್ದು ಮಲೇರಿಯಾಕ್ಕೆ ಔಷಧ, ಕ್ವಿನೈನ್. ನಮ್ಮಂಥ ದೇಶಗಳನ್ನು ಆಳುವ ಬಿಳಿಯರಿಗೆ ಅದು ಜೀವ ಉಳಿಸುವ ವಸ್ತು. ಕಲ್ಲಿದ್ದಲ ಡಾಂಬರಿನಿಂದ ಬಂದ ಪದಾರ್ಥಗಳಲ್ಲಿ ಕೈಯಾಡಿಸುತ್ತಿದ್ದವನಿಗೆ ಕ್ವಿನೈನ್ ಸಿಗಲಿಲ್ಲ. ಪಾತ್ರೆಯ ತಳದಲ್ಲಿ ನೇರಳೆ ಬಣ್ಣ ಸಿಕ್ಕಿತು. ಅಲ್ಲಿಂದ ಕೃತಕ ಬಣ್ಣಗಳ ಯುಗ. ಪರ್ಕಿನ್ನನ ಗುರು ಹಾಫ್‌ಮನ್ ಅದೇ ಡಾಂಬರಿನ ವಂಶದಲ್ಲಿ ಇನ್ನಷ್ಟು ವಸ್ತುಗಳನ್ನು ತೆಗೆದ. ಅವುಗಳಲ್ಲಿ ಒಂದು ಪ್ಯಾರಾ ಫಿನೈಲಿನ್ ಡೈಅಮೈನ್. ಉದ್ದದ ಹೆಸರು, ಡಾಕ್ಟರುಗಳು ಪಿಪಿಡಿ ಅನ್ನುತ್ತಾರೆ. ಅದೇ ವಂಶದಲ್ಲಿ ಮುಂದೆ ಕೃತಕ ನೀಲಿಯೂ ಹುಟ್ಟಿತು. 1897ರಲ್ಲಿ ಜರ್ಮನಿಯ ಕಂಪೆನಿ ಅದನ್ನು ಮಾರಾಟಕ್ಕೆ ತಂದ ಮೇಲೆ ನಮ್ಮ ದೇಶದ ನೀಲಿ ಬೆಳೆ ನೆಲ ಕಚ್ಚಿತು. ವಾಣಿಜ್ಯ ಓದಿದ ನಾವು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಅದರ ದಾಯಾದಿಯೊಂದು ನಮ್ಮ ಬಚ್ಚಲಿನ ಗೂಡಿನಲ್ಲಿ ಕೂತಿದೆ ಎಂದು ಯಾರೂ ಹೇಳಿರಲಿಲ್ಲ.

ಪಿಪಿಡಿಗೆ ಸ್ವಂತ ಬಣ್ಣವೇ ಇಲ್ಲ ಅನ್ನಬೇಕು. ಅದರ ಸಣ್ಣ ಕಣಗಳು ಕೂದಲಿನ ಒಳಗೆ ನುಸುಳುತ್ತವೆ. ಜತೆಗೆ ಬೆರೆಸುವ ಹೈಡ್ರೋಜನ್ ಪೆರಾಕ್ಸೈಡ್ ಅವನ್ನು ಒಳಗೇ ಒಂದಕ್ಕೊಂದು ಕೂಡಿಸಿ ದೊಡ್ಡ ಕಣ ಮಾಡುತ್ತದೆ. ಆಗ ಕಪ್ಪು ಹುಟ್ಟುತ್ತದೆ. ದೊಡ್ಡದಾದ ಮೇಲೆ ಹೊರಬರಲಾಗದೆ ಅಲ್ಲೇ ಉಳಿಯುತ್ತದೆ. ಆದ್ದರಿಂದಲೇ ನೀರು ಹಾಕಿದರೂ ಹೋಗುವುದಿಲ್ಲ. ಇದನ್ನು ಅಂಗಡಿಯ ಸರಕಾಗಿ ಮಾಡಿದವರಲ್ಲಿ ಮುಖ್ಯ ಪ್ಯಾರಿಸಿನ ಯುಜೀನ್ ಶ್ಯುಲರ್. 1907ರಲ್ಲಿ ಬಣ್ಣ ಮಾಡಿ, ರಾತ್ರಿ ತಯಾರಿಸಿದ್ದನ್ನು ಹಗಲು ಕ್ಷೌರದಂಗಡಿಗಳಿಗೆ ಮಾರುತ್ತಿದ್ದನಂತೆ. 1909ರಲ್ಲಿ ಕಂಪೆನಿ ನೋಂದಾಯಿಸಿದ. ಅದೇ ಇಂದಿನ ಲೋರಿಯಾಲ್. 1950ರ ದಶಕದಲ್ಲಿ ಅಮೆರಿಕದಲ್ಲಿ ಮನೆಯಲ್ಲೇ ಹಚ್ಚಿಕೊಳ್ಳುವ ಡಬ್ಬಿಗಳು ಮನೆಮಾತಾದವು. ಹಚ್ಚಿದ್ದಾಳೋ ಇಲ್ಲವೋ ಯಾರಿಗೂ ಗೊತ್ತಾಗದು ಎಂಬುದೇ ಆಗಿನ ಜಾಹೀರಾತಿನ ಸಾರ.

ಎಚ್ಚರಿಕೆಯೂ ಹಳೆಯದೇ. 1933ರ ಹೊತ್ತಿಗೆ ಅಮೆರಿಕದಲ್ಲಿ ರೆಪ್ಪೆಗೂದಲಿಗೆ ಹಚ್ಚುವ ಈ ಜಾತಿಯ ಬಣ್ಣದಿಂದ ಒಬ್ಬ ಹೆಂಗಸಿನ ಕಣ್ಣೇ ಹೋಯಿತು. 1938ರಲ್ಲಿ ಅಲ್ಲಿ ಹೊಸ ಕಾನೂನು ಬಂತು. ಆದರೆ ಡಾಂಬರು ಮೂಲದ ಕೂದಲ ಬಣ್ಣವನ್ನು ನಿಷೇಧಿಸಲಿಲ್ಲ. ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಿ, ಹುಬ್ಬು ರೆಪ್ಪೆಗೆ ಹಚ್ಚಬೇಡಿ ಎಂದು ಡಬ್ಬಿಯ ಮೇಲೆ ಮುದ್ರಿಸಿದರೆ ಸಾಕು ಎಂದಾಯಿತು. ನಮ್ಮ ದೇಶದ ಡಬ್ಬಿಗಳ ಮೇಲೂ ಆ ಎಚ್ಚರಿಕೆ ಇರಲೇಬೇಕು. ಇರುತ್ತದೆ ಕೂಡ. ಓದುವವರು ಯಾರು? ಸಾಲದ ಕರಾರು ಪತ್ರಕ್ಕೆ ಓದದೆ ಸಹಿ ಹಾಕುವ ಗಿರಾಕಿಗಳನ್ನು ಮೂವತ್ತೇಳು ವರ್ಷ ನೋಡಿದ ನಾನೇ ಒಂದು ದಿನವೂ ಓದಿದವನಲ್ಲ.

ಹೌದು, ನಾನೂ ಹಚ್ಚುತ್ತಿದ್ದೆ. ಮೂವತ್ತೆಂಟಕ್ಕೇ ನನ್ನ ಕಿವಿಯ ಮೇಲೆ ಬಿಳಿ ಕಾಣಿಸಿಕೊಂಡಿತು. 1999ರಲ್ಲಿ ಬಡ್ತಿಯ ಸಂದರ್ಶನವಿತ್ತು. ಬ್ಯಾಂಕಿನಲ್ಲಿ ಆಗಷ್ಟೇ ಎಲ್ಲ ಶಾಖೆಗಳಿಗೂ ಕಂಪ್ಯೂಟರು ಬರುತ್ತಿದ್ದ ಕಾಲ. ತಲೆ ಬೆಳ್ಳಗಾದವನಿಗೆ ಕಂಪ್ಯೂಟರು ತಲೆಗೆ ಹತ್ತುವುದಿಲ್ಲ ಎಂಬ ನಂಬಿಕೆ ಮೇಲಿನವರಲ್ಲಿತ್ತು. ಮರುವರ್ಷ ಸ್ವಯಂ ನಿವೃತ್ತಿ ಯೋಜನೆ ಬಂದು ದೇಶದ ಸರಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಜನ ಹೊರಟುಹೋದರು. ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂದು ಕ್ಯಾಂಟೀನಿನಲ್ಲಿ ಲೆಕ್ಕ ಹಾಕುವಾಗ ಎಲ್ಲರ ಕಣ್ಣು ಒಬ್ಬರ ಇನ್ನೊಬ್ಬರ ತಲೆಯ ಮೇಲೆಯೇ. ಮಾರ್ಚ್ 31ಕ್ಕೆ ಠೇವಣಿ ಹೆಚ್ಚು ತೋರಿಸಲು ನಾವು ಮಾಡುತ್ತಿದ್ದ ಕಸರತ್ತಿಗೆ ವಿಂಡೋ ಡ್ರೆಸ್ಸಿಂಗ್ ಎಂದು ಹೆಸರು. ಸಂದರ್ಶನದ ಹಿಂದಿನ ರಾತ್ರಿ ನಾನು ತಲೆಗೆ ಮಾಡಿಕೊಂಡದ್ದೂ ಅದನ್ನೇ. ಬಡ್ತಿ ಸಿಕ್ಕಿತು. ಆಮೇಲೆ ಬಿಡಲು ಧೈರ್ಯ ಬರಲಿಲ್ಲ.

ಆಗ ಮಧ್ಯಮ ವರ್ಗದವರ ಬಚ್ಚಲಿನಲ್ಲಿ ಕಾಣುತ್ತಿದ್ದದ್ದು ವಾಸ್ಮೋಲ್ ಬಾಟಲಿ, ಗೋದ್ರೇಜ್ ಪುಡಿಯ ಪೊಟ್ಟಣ. ಎರಡೂ ಮುಂಬಯಿಯ ಕಂಪೆನಿಗಳವೇ. ಪುಡಿಯನ್ನು ನೀರಿನಲ್ಲಿ ಕಲಸಿ, ಹಳೆಯ ಟೂತ್‌ಬ್ರಶ್ಶಿನಿಂದ ಹಚ್ಚಿ, ಹಳೆಯ ಬನಿಯನ್ ತೊಟ್ಟು ಅರ್ಧ ಗಂಟೆ ಪತ್ರಿಕೆ ಓದುತ್ತಾ ಕೂರುವುದು. ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯಲ್ಲಿ ಯಾರ ಮನೆಯ ಗಂಟೆ ಬಾರಿಸಿದರೂ ಬಾಗಿಲು ತೆರೆಯಲು ತಡವಾಗುತ್ತಿತ್ತು. ಮಳೆಗಾಲದಲ್ಲಿ ಲೋಕಲಿನ ಬಾಗಿಲಲ್ಲಿ ನಿಂತು ಒದ್ದೆಯಾದ ಸಹಪ್ರಯಾಣಿಕರೊಬ್ಬರ ಬಿಳಿ ಕಾಲರಿನ ಮೇಲೆ ಕಪ್ಪು ನೀರು ಇಳಿದದ್ದನ್ನು ನೋಡಿ ನಾವೆಲ್ಲ ಬೇರೆ ಕಡೆ ಮುಖ ಮಾಡಿದ್ದೆವು. ನಗುವ ಹಕ್ಕು ಯಾರಿಗೂ ಇರಲಿಲ್ಲ.

2007ರಲ್ಲಿ ಅಪ್ಪಯ್ಯ ತೀರಿಕೊಂಡರು. ಊರಿಗೆ ಹೋಗಿ ತಲೆ ಬೋಳಿಸಿಕೊಂಡೆ. ತಿಂಗಳಾದ ಮೇಲೆ ಮಾಸಿಕಕ್ಕೆ ಮತ್ತೆ ಹೋದಾಗ ಹೊಸ ಕೂದಲು ಬಂದಿತ್ತು, ಎಲ್ಲವೂ ಬಿಳಿ. ಅಮ್ಮ ಜಗಲಿಯಲ್ಲಿ ಕೂತಿದ್ದವರು ನನ್ನನ್ನು ಕಂಡು ಒಂದು ಕ್ಷಣ ಎದ್ದುನಿಂತರು. ಮತ್ತೆ ಕೂತು, "ಥೇಟ್ ಅಪ್ಪಯ್ಯನ ಹಾಂಗೇ ಕಾಣ್ತೆ ಮಾಣಿ" ಎಂದರು. ಆ ಮಾತು ನನ್ನನ್ನು ಮುಂಬಯಿಯವರೆಗೂ ಹಿಂಬಾಲಿಸಿತು. ಆದರೂ ಎರಡು ತಿಂಗಳಾಗುವಷ್ಟರಲ್ಲಿ ಮತ್ತೆ ಬಣ್ಣ ಹಚ್ಚಿದೆ. ಶಾಖೆಯಲ್ಲಿ ಗಿರಾಕಿಗಳು "ಸಾಬ್, ಬೀಮಾರ್ ಥೇ ಕ್ಯಾ?" ಎಂದು ಕೇಳುತ್ತಿದ್ದರು.

ಈಗ ಹೇಳಬೇಕಾದ ಭಾಗ. ನನ್ನ ಹೆಂಡತಿಗೆ ಸೊಂಟದವರೆಗೆ ಕೂದಲು. ನಲವತ್ತರ ಮೇಲೆ ಅವಳೂ ಬಣ್ಣ ಹಚ್ಚುತ್ತಿದ್ದಳು. ಒಂದಷ್ಟು ವರ್ಷ ಡೈ. ಆಮೇಲೆ ರಾಸಾಯನಿಕ ಬೇಡವೆಂದು ಎಲೆಯ ಚಿತ್ರವಿದ್ದ ಕಪ್ಪು ಮೆಹಂದಿಯ ಪೊಟ್ಟಣಕ್ಕೆ ಬದಲಾದಳು. 2011ರ ದೀಪಾವಳಿಯ ಹಿಂದಿನ ದಿನ ಹಚ್ಚಿಕೊಂಡವಳು ಮರುದಿನ ಬೆಳಿಗ್ಗೆ ಏಳುವಾಗ ಕಣ್ಣು ತೆರೆಯಲಾಗಲಿಲ್ಲ. ಹಣೆ, ರೆಪ್ಪೆ, ಕಿವಿ ಎಲ್ಲ ಊದಿ ಮುಖದ ಗುರುತೇ ಸಿಗುತ್ತಿರಲಿಲ್ಲ. ಡಾಕ್ಟರು ನೋಡಿದ ಕೂಡಲೇ ಪೊಟ್ಟಣ ತರಿಸಿದರು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅದೇ ಉದ್ದದ ಹೆಸರು. "ಹತ್ತು ವರ್ಷ ಏನೂ ಆಗಿಲ್ಲವಲ್ಲ" ಎಂದೆ. ಅಲರ್ಜಿ ಹಾಗೆಯೇ, ಎಷ್ಟೋ ಸಲ ಸುಮ್ಮನಿದ್ದು ಒಂದು ದಿನ ಏಳುತ್ತದೆ ಎಂದರು. ಇನ್ನು ಜನ್ಮದಲ್ಲಿ ಈ ವಸ್ತು ಮುಟ್ಟಬಾರದು ಎಂದೂ ಹೇಳಿದರು. ಊತ ಇಳಿಯಲು ಹತ್ತು ದಿನ ಬೇಕಾಯಿತು.

ಮನುಷ್ಯನ ತಲೆಗೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರು. ಕತ್ತರಿಸಲು ಅವಳಿಗೆ ಮನಸ್ಸಿರಲಿಲ್ಲ. ಹೀಗಾಗಿ ಎರಡು ವರ್ಷ ಅವಳ ತಲೆಯಲ್ಲಿ ಮೇಲೆ ಬಿಳಿ, ಕೆಳಗೆ ಕಪ್ಪು. ಬಿಳಿ ಕಿವಿಯವರೆಗೆ ಬಂತು, ಭುಜದವರೆಗೆ ಬಂತು. ನಮ್ಮ ಕನ್ನಡದವರ ಒಂದು ಕಾರ್ಯಕ್ರಮದಲ್ಲಿ ಪರಿಚಿತ ಹೆಂಗಸೊಬ್ಬರು ಪಕ್ಕಕ್ಕೆ ಕರೆದು, ಮನೆಯಲ್ಲಿ ಯಾರಾದರೂ ಹೋದರಾ ಎಂದು ಕೇಳಿದರಂತೆ. ಅವಳು ಅದನ್ನು ನಗುತ್ತಾ ಹೇಳಿದಳು. ನಾನು ನಗಲಿಲ್ಲ.

2012ರಲ್ಲಿ ಸಹೋದ್ಯೋಗಿಯೊಬ್ಬರ ಮಗನ ಮದುವೆ ಮಾಟುಂಗದಲ್ಲಿತ್ತು. ವಲಯ ಕಚೇರಿಯ ದೊಡ್ಡವರೆಲ್ಲ ಬರುವವರಿದ್ದರು. ಅವಳು ಹಿಂದಿನ ದಿನವೇ ಉಡುಪಿ ಮಲ್ಲಿಗೆ ತರಿಸಿ, ಸೀರೆ ಇಸ್ತ್ರಿ ಮಾಡಿ ಇಟ್ಟಿದ್ದಳು. ನಾನು ಕನ್ನಡಿಯ ಮುಂದೆ, ಹೊಸದಾಗಿ ಕಪ್ಪು ಮಾಡಿಕೊಂಡ ತಲೆ ಬಾಚುತ್ತಾ, "ನೀನು ಬರದಿದ್ದರೂ ಆಗ್ತದೆ. ಈ ಕೂದಲಿನಲ್ಲಿ ಹೂ ಮುಡಿದು ಬಂದರೆ ಚಂದ ಕಾಣೂದಿಲ್ಲ" ಎಂದೆ. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. "ಸರಿ" ಎಂದಳು. ಮಲ್ಲಿಗೆಯನ್ನು ಬಾಳೆಲೆ ಸಮೇತ ಫ್ರಿಜ್ಜಿಗೆ ಇಟ್ಟಳು. ನಾನೊಬ್ಬನೇ ಹೋಗಿ ಊಟ ಮಾಡಿ ಬಂದೆ. ಹೂ ಅಲ್ಲೇ ಕಂದಿತು. ನಾಲ್ಕನೆಯ ದಿನ ಅದನ್ನು ತೆಗೆದು ಬಿಸಾಡಿದವನು ನಾನು.

ವರಾಹಮಿಹಿರನ ಆ ಮಾತನ್ನು 2020ರಲ್ಲಿ ಓದುವಾಗ ನನಗೆ ಕೈ ನಿಂತುಹೋದದ್ದು ಇದಕ್ಕೇ. ನರೆತ ತಲೆಗೆ ಹೂಮಾಲೆ ಶೋಭಿಸದು. ಸಾವಿರದ ನಾನೂರು ವರ್ಷದ ಹಿಂದಿನ ಆ ಅಭಿಪ್ರಾಯವನ್ನು ನಾನು ಓದದೆಯೇ ನನ್ನ ಮನೆಯ ಕನ್ನಡಿಯ ಮುಂದೆ ಹೇಳಿಬಿಟ್ಟಿದ್ದೆ. ಆತ ಕೊನೆಯ ಪಕ್ಷ ತಲೆ ನರೆತವರಿಗೆಲ್ಲ ಸೇರಿಸಿ ಹೇಳಿದ್ದ. ನಾನು ನನ್ನನ್ನು ಬಿಟ್ಟು ಅವಳಿಗೆ ಮಾತ್ರ ಹೇಳಿದ್ದೆ. ಅಜ್ಜಿಯ ತಲೆ ಹೇಗಿರಬೇಕೆಂದು ಊರು ತೀರ್ಮಾನಿಸಿದ್ದರ ಬಗ್ಗೆ ನಾನು ಎಷ್ಟೋ ಕಡೆ ಭಾಷಣ ಬಿಗಿದವನು. ಹೆಂಡತಿಯ ತಲೆ ಹೇಗಿರಬೇಕೆಂದು ತೀರ್ಮಾನಿಸಿದ್ದು ಯಾರು? ಮಗಳ ಹತ್ತಿರ ಒಂಬ್ರೆ ಯಾವಾಗಿನಿಂದ ಬಂದ ಫ್ಯಾಶನ್ನು ಎಂದು ಕೇಳಿದೆ. 2010ರ ಆಚೀಚೆ ಹಾಲಿವುಡ್ಡಿನವರಿಂದ ಜೋರಾದದ್ದು ಎಂದಳು. ಲೆಕ್ಕ ಹಾಕಿ ನೋಡಿ.

ಭಾನುವಾರ ಬಂತು. ಎರಡು ದಿನ ಮೊದಲೇ ಅಮ್ಮನ ಒತ್ತಾಯಕ್ಕೆ ಮಗಳು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾದಿದ್ದಳು. ತುರಿಕೆ, ಕೆಂಪು ಏನೂ ಇರಲಿಲ್ಲ. ಲಾಕ್‌ಡೌನಿಗೆ ಮೊದಲೇ ತರಿಸಿಟ್ಟಿದ್ದ ಸಾಮಾನು ಹೊರಬಂತು. ಬ್ಲೀಚ್ ಪುಡಿ, ಡೆವಲಪರ್ ಬಾಟಲಿ, ಬ್ರಶ್ಶು, ಕೈಚೀಲ. ಡೆವಲಪರ್ ಎಂದರೆ ಅದೇ ಪೆರಾಕ್ಸೈಡ್. 1818ರಲ್ಲಿ ಫ್ರಾನ್ಸಿನ ಥೆನಾರ್ ಕಂಡುಹಿಡಿದದ್ದು. ಬಾಟಲಿಯ ಮೇಲೆ '20 ವಾಲ್ಯೂಮ್' ಎಂದಿತ್ತು. ಅಂದರೆ ಶೇಕಡಾ 6. 30 ಎಂದರೆ 9, 40 ಎಂದರೆ 12. ಹೆಚ್ಚಿನ ನಂಬರಿನದ್ದು ಬೇಗ ಕೆಲಸ ಮಾಡುತ್ತದೆ, ಕೂದಲನ್ನೂ ಬೇಗ ಸುಡುತ್ತದೆ, ಮನೆಯಲ್ಲಿ ಮಾಡುವವರು 20 ದಾಟಬಾರದು ಎಂದಳು ಮಗಳು. ನನ್ನನ್ನು ಅಳತೆಗೆ ಕೂರಿಸಿದಳು. ಬ್ಯಾಂಕಿನವರಲ್ಲವೇ, ಲೆಕ್ಕ ತಪ್ಪುವುದಿಲ್ಲವಂತೆ. ಸ್ಟೀಲ್ ಬಟ್ಟಲು ತಂದೆ, ಬೈಸಿಕೊಂಡೆ. ಲೋಹ ಆಗದು, ಪ್ಲಾಸ್ಟಿಕ್ಕೇ ಬೇಕು. ಲೋಹದ ಲವಣವಿರುವ ಡೈ ಹಚ್ಚಿದ ಕೂದಲಿಗೂ ಬ್ಲೀಚ್ ಹಾಕಬಾರದು, ಕೂದಲೇ ಬಿಸಿಯೇಳುತ್ತದೆ. ಕಬ್ಬಿಣದ ಬಾಣಲೆಯ ಕಾಲದಿಂದ ನಾವು ಎಷ್ಟು ದೂರ ಬಂದೆವು ಎಂದುಕೊಂಡೆ.

ಕೂದಲನ್ನು ನಾಲ್ಕು ಪಾಲು ಮಾಡಿ ಕಟ್ಟಿದಳು. ಪ್ರತಿ ಪಾಲನ್ನು ಹಿಂದಕ್ಕೆ ಬಾಚಿ ಸಡಿಲ ಮಾಡಿ, ಕೆಳಗಿನ ನಾಲ್ಕಿಂಚಿಗೆ ದಪ್ಪಗೆ ಹಚ್ಚಿ, ಮೇಲಕ್ಕೆ ಹೋಗುತ್ತಾ ಬ್ರಶ್ಶನ್ನು ನೆಟ್ಟಗೆ ಹಿಡಿದು ಸುಮ್ಮನೆ ತಾಗಿಸಿದ ಹಾಗೆ ಎಳೆದಳು. ಅಡ್ಡ ಎಳೆದರೆ ಗೆರೆ ಬೀಳುತ್ತದೆ, ಆಗ ಅದು ಡಿಪ್ ಡೈ. ಬೆನ್ನ ಕಡೆಯದು ಅವಳ ಕೈಗೆ ಎಟುಕಲಿಲ್ಲ. ನನ್ನ ಹೆಂಡತಿ ಕೈಚೀಲ ಹಾಕಿಕೊಂಡು, ಕಿಟಕಿ ಪೂರ್ತಿ ತೆರೆದಿಟ್ಟು, ಹಚ್ಚಲು ನಿಂತಳು. ಬ್ಲೀಚಿನಲ್ಲಿ ಪಿಪಿಡಿ ಇಲ್ಲ ಎಂದು ಮೊದಲೇ ಓದಿ ಖಾತ್ರಿ ಮಾಡಿಕೊಂಡಿದ್ದಳು. ಈಗ ಮನೆಯಲ್ಲಿ ಸಣ್ಣ ಅಕ್ಷರ ಓದುವವಳು ಅವಳೇ. ನಾನು ಗಡಿಯಾರ ನೋಡಿ ಐದೈದು ನಿಮಿಷಕ್ಕೆ ಕೂಗಬೇಕು. ನಮ್ಮ ಕಪ್ಪು ಕೂದಲಿನ ಬಣ್ಣ ಒಂದೇ ಸಲ ಬಿಡುವುದಿಲ್ಲ. ಮೊದಲು ಕಂದು, ಆಮೇಲೆ ಕೆಂಪು, ಕಿತ್ತಳೆ, ಕೊನೆಗೆ ಹಳದಿ. ಮಗಳಿಗೆ ಬೇಕಾದದ್ದು ಜೇನಿನ ಬಣ್ಣ. ಮೂವತ್ತೈದನೆಯ ನಿಮಿಷಕ್ಕೆ ತೊಳೆದಾಗ ಬಂದದ್ದು ನಮ್ಮ ಕರಾವಳಿಯ ಮುರಕಲ್ಲಿನ ಬಣ್ಣ. ತುದಿ ಮುಟ್ಟಿದರೆ ತೆಂಗಿನ ನಾರಿನ ಹಾಗೆ.

ಅವಳಿಗೆ ಸ್ವಲ್ಪ ಬೇಸರವಾಯಿತು. ಆದರೂ ಸಂಜೆ ವೀಡಿಯೋ ಕರೆಯಲ್ಲಿ ಬೆಂಗಳೂರಿನ ಅತ್ತೆ, ಕುಂದಾಪುರದ ದೊಡ್ಡಮ್ಮನ ಮಕ್ಕಳು ಎಲ್ಲರೂ ಚಂದ ಇದೆ ಎಂದರು. ಯಾರೂ ಮನೆಯಲ್ಲಿ ಯಾರಾದರೂ ಹೋದರಾ ಎಂದು ಕೇಳಲಿಲ್ಲ. ಫೋನಿಟ್ಟ ಮೇಲೆ ಮಗಳು ಹಳೆಯ ಆಲ್ಬಂ ಹುಡುಕಿ 2012ರದ್ದೊಂದು ಫೋಟೋ ತೆಗೆದಳು. ಬುಡ ಬಿಳಿ, ತುದಿ ಕರಿ. "ಅಮ್ಮಾ, ನಿಂದು ಒರಿಜಿನಲ್!" ಎಂದಳು. ನನ್ನ ಹೆಂಡತಿ ಕನ್ನಡಕ ಸರಿಮಾಡಿಕೊಂಡು ಫೋಟೋ ನೋಡಿ, "ಹೌದು. ಆಗ ಅದಕ್ಕೆ ಹೆಸರಿರಲಿಲ್ಲ, ಅಷ್ಟೇ" ಎಂದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಮಾರ್ಚಿನಿಂದ ಬಣ್ಣ ಹಚ್ಚದೆ ನನ್ನ ತಲೆಯಲ್ಲೂ ಮೂರು ಸೆಂಟಿಮೀಟರು ಬಿಳಿ ಎದ್ದಿತ್ತು. ಅದೇ ಜೂನ್ 28ರಿಂದ ಮಹಾರಾಷ್ಟ್ರ ಸರಕಾರ ಸೆಲೂನುಗಳನ್ನು ತೆರೆಯಲು ಬಿಟ್ಟಿತು. ಎಲ್ಲ ಸೇವೆಗೂ ಅಲ್ಲ, ಕೆಲವೇ ಕೆಲವಕ್ಕೆ. ಆ ಕೆಲವರಲ್ಲಿ ಕೂದಲಿಗೆ ಬಣ್ಣ ಹಾಕುವುದೂ ಒಂದು. ಮೂರು ತಿಂಗಳಲ್ಲಿ ಇಡೀ ಊರಿನ ಬಣ್ಣ ಬಯಲಾಗಿತ್ತಲ್ಲ, ಸರಕಾರಕ್ಕೂ ಅದರ ತುರ್ತು ತಿಳಿದಿತ್ತು. ನಾನೂ ಹೋದೆ. ಕರಿ ಭಾಗವನ್ನೆಲ್ಲ ಕತ್ತರಿಸಿಬಿಡಿ ಎಂದೆ. ಕನ್ನಡಿಯಲ್ಲಿ ಅಪ್ಪಯ್ಯ ಬಂದು ಕೂತಿದ್ದರು. ನಾನು ಮೂವತ್ತೇಳು ವರ್ಷ ದುಡಿದ ಬ್ಯಾಂಕಿನ ಹೆಸರೂ ಆ ವರ್ಷದ ಏಪ್ರಿಲ್ 1ಕ್ಕೆ ಇನ್ನೊಂದು ಬ್ಯಾಂಕಿನಲ್ಲಿ ಸೇರಿಹೋಗಿತ್ತು. ಬೋರ್ಡುಗಳ ಬಣ್ಣವೇ ಬದಲಾಗುವಾಗ ನನ್ನ ತಲೆ ಯಾವ ಲೆಕ್ಕ?

ಕಳೆದ ವರ್ಷ ಮಾಟುಂಗದಲ್ಲಿ ಮತ್ತೊಂದು ಮದುವೆಯಿತ್ತು. ಬೆಳಿಗ್ಗೆಯೇ ಹೋಗಿ ಸ್ಟೇಷನ್ ಹತ್ತಿರದ ಹೂವಿನ ಸಾಲಿನಿಂದ ಉಡುಪಿ ಮಲ್ಲಿಗೆ ತಂದೆ. ಅವಳು ಪೊಟ್ಟಣ ಬಿಚ್ಚಿ, "ಇಷ್ಟೆಂತಕ್ಕೆ ತಂದ್ರಿ?" ಎಂದಳು. ಅರ್ಧ ಮುಡಿದಳು. ಅರ್ಧವನ್ನು ದೇವರಿಗಿಟ್ಟಳು.

ಹನ್ನೆರಡು ವರ್ಷದ ಹಿಂದಿನ ಮಾತಿಗೆ ಆ ದಿನವೂ ನಾನು ತಪ್ಪಾಯಿತು ಎನ್ನಲಿಲ್ಲ. ನಾಲಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಈಗ ಬರೆದಿದ್ದೇನೆ. ನಾನು ಬರೆದ ಎಲ್ಲದರ ಕಾಗುಣಿತ ತಿದ್ದುವವಳು ಅವಳು. ಈ ಹಾಳೆಗಳನ್ನು ಇವತ್ತು ಮಧ್ಯಾಹ್ನ ಅವಳ ಮೇಜಿನ ಮೇಲೆ ಇಡುತ್ತೇನೆ.